ಮೂರನೇ ಲೋಟ

ಟೈಪ್ ಮಾಡುವಾಗ ನನ್ನ ತುಟಿ ಅಲ್ಲಾಡುತ್ತದೆ. ಪೀಣ್ಯದಲ್ಲಿ ನಾನು ಕೆಲಸ ಮಾಡುವ ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿ ಪಕ್ಕದ ಮೇಜಿನ ಹನುಮೇಶ ಇದನ್ನು ಕಂಡುಹಿಡಿದಿದ್ದಾನೆ. "ಭಾಗ್ಯಶ್ರೀ ಮೇಡಂ ಮಂತ್ರ ಹಾಕ್ತಾವ್ರೆ, ಯಾರೂ ಮಾತಾಡಿಸ್ಬೇಡಿ ಗುರು" ಎಂದು ಬಂದವರಿಗೆಲ್ಲ ಹೇಳುತ್ತಾನೆ. ಮಂತ್ರವಲ್ಲ. ಕಾಲೇಜಿನ ಗೆಳತಿ ದಿವ್ಯಾಗೆ ಹೇಳುತ್ತಿರುತ್ತೇನೆ. ಅವಳು ಇಲ್ಲಿಲ್ಲ. ಆದರೆ ಪ್ರೋಗ್ರಾಮ್ ಬರೆಯುವುದನ್ನು ನಾನು ಕೈಯಿಂದ ಕಲಿಯಲಿಲ್ಲ, ಬಾಯಿಂದ ಕಲಿತೆ. ಕಲಿತದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ನಮ್ಮ ಕಾಲೇಜು ಇದ್ದದ್ದು ಮಾಕಳಿ ಹತ್ತಿರ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ. ಬಿಸಿಎ ಮೊದಲ ಸೆಮಿಸ್ಟರು. ಲ್ಯಾಬಿನ ಹಿಂದಿನ ಗೋಡೆಗೆ ಅಂಟಿಕೊಂಡಂತೆ ತಗಡು ಒತ್ತುವ ಒಂದು ಕಾರ್ಖಾನೆ. ಅಲ್ಲಿ ಪ್ರೆಸ್ ಬಿದ್ದಾಗಲೆಲ್ಲ ನಮ್ಮ ಮಾನಿಟರುಗಳು ಕಣ್ಣು ಮಿಟುಕಿಸುತ್ತಿದ್ದವು. ಕಂಪ್ಯೂಟರುಗಳಲ್ಲಿ ಅರ್ಧದಷ್ಟು ಸತ್ತಿದ್ದವು. ಹಾಗಾಗಿ ಉಳಿದ ಒಂದೊಂದಕ್ಕೆ ಇಬ್ಬಿಬ್ಬರು. ಲ್ಯಾಬ್ ನೋಡಿಕೊಳ್ಳುತ್ತಿದ್ದ ದೇವರಾಜ್ ಸರ್ ಮೊದಲ ದಿನವೇ ಹೇಳಿಬಿಟ್ಟರು: "ಒಬ್ರು ಹೇಳಿ, ಒಬ್ರು ಹೊಡೀರಿ. ಇಬ್ರೂ ಕೈ ಹಾಕಿದ್ರೆ ಇರೋ ಕೀಬೋರ್ಡೂ ಹೋಗುತ್ತೆ. ವಾರಕ್ಕೊಂದ್ಸಲ ಬದಲಾಗಿ." ಕೊನೆಯ ಮಾತನ್ನು ಯಾರೂ ಕೇಳಲಿಲ್ಲ. ಹೊಡೆಯುವವರು ಹೊಡೆಯುತ್ತಲೇ ಹೋದರು, ಹೇಳುವವರು ಹೇಳುತ್ತಲೇ ಹೋದರು.

ನನ್ನ ಜೋಡಿ ದಿವ್ಯಾ. ಮಾಕಳಿಯವಳೇ. ಅವರ ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳ ಸಾಲು, ಆ ರೂಮುಗಳ ತುಂಬ ನಮ್ಮ ಯಾದಗಿರಿ ಕಡೆಯವರು. ಪಿಯುಸಿ ರಜೆಯಲ್ಲಿ ಅವಳ ಅಪ್ಪ ಅವಳನ್ನು ದಾಸರಹಳ್ಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹಾಕಿದ್ದರು. ಅಲ್ಲಿಯ ಮೇಷ್ಟ್ರು ಕೈಗಳ ಮೇಲೆ ಟವೆಲ್ ಹೊದಿಸಿ ಕಲಿಸುತ್ತಿದ್ದರಂತೆ. ಕೆಳಗೆ ನೋಡಿದರೆ ಬೆರಳಿನ ಗೆಣ್ಣಿಗೆ ಸ್ಕೇಲು. ಅದಕ್ಕೇ ದಿವ್ಯಾ ಕೀಬೋರ್ಡನ್ನು ನೋಡುತ್ತಲೇ ಇರಲಿಲ್ಲ. ಕಿಟಕಿಯಾಚೆ ಯಾರು ಹೋದರು, ಯಾರ ಚೂಡಿದಾರ ಹೇಗಿದೆ ಎಂದು ಹೇಳುತ್ತಲೇ ಪಟಪಟ ಹೊಡೆಯುತ್ತಿದ್ದಳು. ಏನು ಹೊಡೆಯಬೇಕು ಎನ್ನುವುದು ಮಾತ್ರ ಅವಳಿಗೆ ಗೊತ್ತಿರುತ್ತಿರಲಿಲ್ಲ.

ನನಗೆ ಅದೊಂದೇ ಗೊತ್ತಿತ್ತು. ಹಾಸ್ಟೆಲಿನ ಲೈಬ್ರರಿಯಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ, ಮುಖಪುಟ ಹರಿದ ಒಂದು ಪುಸ್ತಕವಿತ್ತು. ಅದನ್ನು ನಾನು ಕಾದಂಬರಿಯಂತೆ ಓದಿದ್ದೆ. ಆದರೆ ಕೀಬೋರ್ಡ್ ಮೇಲೆ ಒಂದು ಅಕ್ಷರ ಹುಡುಕುವಷ್ಟರಲ್ಲಿ ಮುಂದಿನದು ಮರೆತುಹೋಗುತ್ತಿತ್ತು.

"ಮೇನ್, ಬ್ರಾಕೆಟ್, ಫ್ಲವರ್ ಬ್ರಾಕೆಟ್..." ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ.

"ಹೂಂ, ಹೂ ಮುಡಿಸ್ದೆ. ಮುಂದೆ?"

"ಪ್ರಿಂಟ್‌ಎಫ್."

"ಸೆಮಿಕೋಲನ್ ಹಾಕ್ಲಾ?"

"ಹಾಕಬೇ. ಅದೇನ್ ಕೇಳ್ತಿ ದಿನಾ?"

"ನೀನು ಬೈಲಿ ಅಂತ ಕಣೇ."

ಇಬ್ಬರೂ ಸೇರಿ ನಾವು ಒಬ್ಬ ಒಳ್ಳೆಯ ವಿದ್ಯಾರ್ಥಿನಿ. ಇಡೀ ಲ್ಯಾಬಿನಲ್ಲಿ ನಮ್ಮ ಪ್ರೋಗ್ರಾಮೇ ಮೊದಲು ಓಡುತ್ತಿತ್ತು.

ಪರೀಕ್ಷೆಗೆ ಕೆಲವೇ ವಾರಗಳಿದ್ದಾಗ ದೇವರಾಜ್ ಸರ್ ಬಾಂಬ್ ಹಾಕಿದರು. ಪ್ರಾಕ್ಟಿಕಲ್ ಪರೀಕ್ಷೆ ಒಬ್ಬೊಬ್ಬರಿಗೇ. ಪರೀಕ್ಷೆ ಮಾಡಲು ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಬರುತ್ತಾರೆ. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನು ತಾನೇ ಹೊಡೆದು ಓಡಿಸಿ ತೋರಿಸಬೇಕು.

ಒಂದು ಟ್ರಸ್ಟಿನ ಹಾಸ್ಟೆಲಿನಲ್ಲಿ ನನಗೆ ಸೀಟು ಸಿಕ್ಕಿತ್ತು. ಒಂದು ವಿಷಯದಲ್ಲಿ ಫೇಲಾದರೂ ಸೀಟು ಬೇರೆಯವರಿಗೆ ಎಂದು ವಾರ್ಡನ್ ನಾಗಲಕ್ಷ್ಮಮ್ಮ ಸೇರಿಸಿಕೊಳ್ಳುವಾಗಲೇ ಹೇಳಿದ್ದರು. ಹೇಳಿದ್ದನ್ನು ಮಾಡುವ ಹೆಂಗಸು. ಅಪ್ಪ ಅವ್ವ ಕಟ್ಟಡದ ಕೆಲಸದವರು, ಇರುವುದು ಸೈಟಿನ ತಗಡಿನ ಶೆಡ್ಡಿನಲ್ಲಿ. ಆಗ ಸರ್ಜಾಪುರದ ಕಡೆ ಇದ್ದರು. ಕಟ್ಟಡ ಮುಗಿದರೆ ಶೆಡ್ಡೂ ಮುಗಿಯಿತು, ಊರೂ ಬದಲಾಯಿತು. ಹಾಸ್ಟೆಲ್ ಹೋದರೆ ಕಾಲೇಜು ಹೋದಂತೆಯೇ. ಇದರಲ್ಲಿ ಅಳುವಂಥದ್ದೇನಿಲ್ಲ, ಲೆಕ್ಕ ಹಾಗಿತ್ತು.

"ನಾನೇನ್ ಪಾಸಾಗ್ತೀನಾ?" ದಿವ್ಯಾ ಹೇಳಿದಳು. "ನೀನ್ ಹೇಳ್ದಿದ್ರೆ ನನ್ ಕೈ ಕಟ್ಟಿಗೆ ಕಣೇ. ಒಂದ್ ಕೆಲ್ಸ ಮಾಡಣ. ನಿನ್ ತಲೆ ನಂಗೆ ಕೊಡು, ನನ್ ಕೈ ನಿಂಗೆ ಕೊಡ್ತೀನಿ."

ಕಾಲೇಜಿನೆದುರು ಶ್ಯಾಮಣ್ಣನ ಟೀ ಅಂಗಡಿಯಲ್ಲಿ ಅವಳ ಪಾಠ ಶುರುವಾಯಿತು. ಎರಡು ಡಬ್ಬಿಗಳಲ್ಲಿರುವ ಸಂಖ್ಯೆಗಳನ್ನು ಅದಲುಬದಲು ಮಾಡುವ ಪ್ರೋಗ್ರಾಮ್ ಎಷ್ಟು ಸಲ ಹೇಳಿದರೂ ಅವಳ ತಲೆಗೆ ಹತ್ತಿರಲಿಲ್ಲ. ಒಂದು ಲೋಟ ಟೀ, ಒಂದು ಲೋಟ ಹಾಲು ತರಿಸಿ ಮುಂದಿಟ್ಟೆ.

"ಟೀ ಈ ಲೋಟದಾಗ ಬರಬೇಕು, ಹಾಲು ಆ ಲೋಟದಾಗ ಹೋಗಬೇಕು. ಮಾಡು."

ಅವಳು ಟೀಯನ್ನು ಎತ್ತಿ ಹಾಲಿಗೆ ಸುರಿದಳು.

"ಈಗ ನಿನ್ನ ಹಾಲು ಎಲ್ಲೈತಿ?"

ದಿವ್ಯಾ ಲೋಟದೊಳಗೆ ಇಣುಕಿದಳು. "ಹೋಯ್ತಲ್ಲೇ!"

"ಅದಕ್ಕೇ ಮೂರನೇದು ಒಂದು ಖಾಲಿ ಲೋಟ ಬೇಕು. ಮೊದಲು ಟೀ ಅದಕ್ಕ ಹಾಕು, ಆಮೇಲೆ ಹಾಲು ಟೀ ಲೋಟಕ್ಕ, ಆಮೇಲೆ ಮೂರನೇದರಾಗಿಂದು ಹಾಲಿನ ಲೋಟಕ್ಕ."

"ಅಣ್ಣಾ, ಒಂದು ಖಾಲಿ ಲೋಟ ಕೊಡಿ!" ದಿವ್ಯಾ ಕೂಗಿದಳು.

"ಖಾಲಿ ಲೋಟಕ್ಕೂ ಕಾಸ್ ಆಕ್ತೀನಿ ನೋಡಮ್ಮ" ಎಂದ ಶ್ಯಾಮಣ್ಣ. "ನಿಮ್ ಕಾಲೇಜಲ್ಲಿ ಇದೇನಾ ಏಳ್ಕೊಡದು?"

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಹೇಳಿಕೊಡಲು ಅಪ್ಪ ಅವ್ವನ ಸೈಟಿನಲ್ಲಿ ಸ್ಲ್ಯಾಬ್ ಹಾಕುವುದನ್ನು ಉದಾಹರಣೆಗೆ ತೆಗೆದುಕೊಂಡೆ. ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರಾದರೂ 'ಸಾಕು' ಎನ್ನದಿದ್ದರೆ ಕಾಂಕ್ರೀಟ್ ಮುಗಿದ ಮೇಲೂ ಖಾಲಿ ಬಾಂಡ್ಲಿ ಬರುತ್ತಲೇ ಇರುತ್ತದೆ. "ಸಾಕು ಅನ್ನೋರ್ ಯಾರು ಅಂತ ಮೊದಲು ನೋಡು" ಎಂದೆ. ಅದು ಅವಳಿಗೆ ತಟ್ಟನೆ ಹತ್ತಿತು.

ನನ್ನ ಪಾಠಕ್ಕೆ ಅವಳು ದೇವರಾಜ್ ಸರ್ ಹತ್ತಿರ ಕಾಡಿ, ಗುಜರಿಗೆ ಹಾಕಲು ಇಟ್ಟಿದ್ದ ಕೀಬೋರ್ಡೊಂದನ್ನು ತಂದಳು. ಯಾರೋ ಟೀ ಚೆಲ್ಲಿ ಕೊಂದಿದ್ದರು. ಅಂಟಂಟು. ದಿವ್ಯಾ ಅದನ್ನು ಮನೆಗೆ ಒಯ್ದು, ಕೀಗಳನ್ನೆಲ್ಲ ಕಿತ್ತು, ಸೋಪಿನ ನೀರಿನಲ್ಲಿ ತೊಳೆದು, ತಾರಸಿ ಮೇಲೆ ಮೊರದಲ್ಲಿ ಒಣಗಿಸಿ, ಮತ್ತೆ ಜೋಡಿಸಿ ತಂದುಕೊಟ್ಟಳು. ಹೊಸದರಂತೆ ಹೊಳೆಯುತ್ತಿತ್ತು. ಅಕ್ಕಪಕ್ಕದಲ್ಲಿ ಮೆಣಸಿನಕಾಯಿ ಒಣಗಿಸಿದ್ದರೇನೋ, ಮೂಗಿಗೆ ಘಾಟು ಹೊಡೆಯಿತು.

"ಮೊದ್ಲು ನೋಡ್ಕೊಂಡು ಕಲಿ. ಆಮೇಲೆ ಟವೆಲ್ ಹಾಕ್ಕೋ. ನಮ್ ಮೇಷ್ಟ್ರು ಥರ."

ಹಾಗೇ ಮಾಡಿದೆ. ಹಾಸ್ಟೆಲಿನ ಮಂಚದ ಮೇಲೆ ಕೂತು, ಟವೆಲ್ ಕೆಳಗೆ ಕೈಯಿಟ್ಟು, ಕಣ್ಣು ಮುಚ್ಚಿ ನನಗೆ ನಾನೇ ಹೇಳಿಕೊಂಡು ಹೊಡೆಯುತ್ತಿದ್ದೆ. ರೂಮಿನ ವೇಣಿ, "ಕೂಸು ಹೊದ್ದುಕೊಂಡು ಒದೀತಿದ್ದಂಗ ಕಾಣ್ತದ ನೋಡ" ಎಂದು ನಗುತ್ತಿದ್ದಳು. ದಿನ ಕಳೆದಂತೆ ಬೆರಳು ತಾವಾಗಿಯೇ ಓಡತೊಡಗಿದವು. ಸತ್ತ ಕೀಬೋರ್ಡ್ ಒಂದು ಸಲವೂ ನಾನು ತಪ್ಪು ಎನ್ನಲಿಲ್ಲ. ನನಗೆ ಅದು ಬಹಳ ಇಷ್ಟವಾಗಿತ್ತು.

ಪರೀಕ್ಷೆಯ ದಿನ ನನಗೆ ಬಂದ ಚೀಟಿ: ಒಂದು ಸಂಖ್ಯೆಯನ್ನು ಹಿಂದುಮುಂದು ಮಾಡಿ ತೋರಿಸಿ. ನನಗೆ ನಿದ್ದೆಯಲ್ಲೂ ಬರುವ ಪ್ರೋಗ್ರಾಮ್. ಮುಂದಿನ ಸಾಲಿನಲ್ಲಿ ದಿವ್ಯಾ. ಎಕ್ಸ್‌ಟರ್ನಲ್ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಸಾಲುಗಳ ನಡುವೆ ಓಡಾಡುತ್ತಿದ್ದರು. ನಾನು ಕಣ್ಣು ಮುಚ್ಚಿ ತುಟಿಯಲ್ಲೇ ಹೇಳಿಕೊಳ್ಳುತ್ತ ಒಂದೇ ಉಸಿರಿಗೆ ಕೊನೆಯ ಬ್ರಾಕೆಟ್‌ವರೆಗೆ ಹೊಡೆದೆ. ಹೆಮ್ಮೆಯಿಂದ ಕಣ್ಣು ತೆರೆದೆ.

ಪರದೆಯ ಮೇಲೆ ಇದ್ದದ್ದು ಯಾವ ಭಾಷೆಯೂ ಅಲ್ಲ. ಮೇನ್ ಇರಬೇಕಾದ ಕಡೆ ಎನ್, ಎ, ಓ, ಎಂ. ಕಂಪೈಲ್ ಒತ್ತಿದೆ. ತಪ್ಪುಗಳ ಸಾಲು ಮುಗಿಯಲೇ ಇಲ್ಲ.

ಕೀಬೋರ್ಡ್ ಕಡೆ ನೋಡಿದೆ. ಐ ಎಂದು ನನ್ನ ಬೆರಳು ಹೋಗುತ್ತಿದ್ದ ಜಾಗದಲ್ಲಿ ಓ ಇತ್ತು. ಓ ಇರಬೇಕಾದ ಕಡೆ ಐ. ಎಂ ಮತ್ತು ಎನ್ ಕೂಡ ಹಾಗೇ. ಆಗ ತಿಳಿಯಿತು. ದಿವ್ಯಾ ಕೀಗಳನ್ನು ತೊಳೆದು ನೆನಪಿನಿಂದ ಜೋಡಿಸಿದ್ದಳು, ಅದಲುಬದಲಾಗಿ. ಆ ನೆನಪು ಇದ್ದದ್ದು ಬೆರಳಲ್ಲಿ, ತಲೆಯಲ್ಲಲ್ಲ. ಕೀಬೋರ್ಡನ್ನು ಜನ್ಮದಲ್ಲಿ ನೋಡದವಳಿಗೆ ಯಾವ ಅಕ್ಷರ ಎಲ್ಲಿ ಎಂದು ಹೇಗೆ ಗೊತ್ತಿರಬೇಕು?

ಅಲ್ಲೇ ಅವಳ ಜಡೆ ಹಿಡಿದು ಎಳೆಯಬೇಕೆನ್ನಿಸಿತು. ಒಂದೊಂದೇ ಅಕ್ಷರ ತಿದ್ದಲು ಹೊರಟೆ. ಬೆರಳು ಮತ್ತೆ ತಪ್ಪು ಜಾಗಕ್ಕೇ ಹೋಗುತ್ತಿತ್ತು. ಹೀಗೆ ಮಾಡಿದರೆ ಸಂಜೆಯಾದರೂ ಮುಗಿಯುವುದಿಲ್ಲ. ನಾಗಲಕ್ಷ್ಮಮ್ಮನ ಮುಖ, ಸರ್ಜಾಪುರದ ಶೆಡ್ಡು ಎರಡೂ ಕಣ್ಣ ಮುಂದೆ ಬಂದವು.

ಲ್ಯಾಬಿನಲ್ಲಿ ನಾನು ಹೆಸರು ಬದಲಿಸಲು ಹೇಳಿದಾಗಲೆಲ್ಲ ದಿವ್ಯಾ 'ರಿಪ್ಲೇಸ್' ಒತ್ತಿ ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸುತ್ತಿದ್ದಳು. ನಾನೂ ಅದನ್ನು ತೆರೆದೆ. ಎಲ್ಲ ಓಗಳನ್ನು ಐ ಮಾಡಿದೆ. ಮಾಡಿದ ಮೇಲೆ ನೋಡಿದರೆ ಮೊದಲಿದ್ದ ಐ ಯಾವುದು, ಈಗಾದ ಐ ಯಾವುದು, ಗೊತ್ತೇ ಆಗುತ್ತಿಲ್ಲ. ಟೀಯನ್ನು ಹಾಲಿಗೆ ಸುರಿದುಬಿಟ್ಟಿದ್ದೆ.

ಹಿಂದಿನ ಗೋಡೆಯಾಚೆ ಪ್ರೆಸ್ ಬಿತ್ತು. ಪರದೆ ಮಿಟುಕಿತು.

ಲೋಟ! ಮಾಡಿದ್ದನ್ನು ರದ್ದು ಮಾಡಿದೆ. ಪ್ರೋಗ್ರಾಮಿನಲ್ಲಿ ಎಲ್ಲೂ ಇಲ್ಲದ ಗುರುತೊಂದು ಬೇಕು. ಇಮೇಲ್ ವಿಳಾಸದಲ್ಲಿ ಬರುವ ಅಟ್ ಚಿಹ್ನೆ ಹಿಡಿದೆ. ಎಲ್ಲ ಓ ಅಟ್ ಆಗಲಿ. ಎಲ್ಲ ಐ ಓ ಆಗಲಿ. ಈಗ ಎಲ್ಲ ಅಟ್ ಐ ಆಗಲಿ. ಎಂ ಮತ್ತು ಎನ್‌ಗೂ ಹಾಗೇ ಮಾಡಿದೆ. ಕಣ್ಣೆದುರೇ ಗೊಜ್ಜಿನಂತಿದ್ದದ್ದು ಪ್ರೋಗ್ರಾಮ್ ಆಯಿತು.

"ಏನದು?" ಬೆನ್ನ ಹಿಂದಿನಿಂದ ಮೇಡಂ ಕೇಳಿದರು. "ಇಷ್ಟೊತ್ತು ಕಸ ಇತ್ತು, ಈಗ ಒಂದೇ ಸಲ ಸರಿಹೋಯ್ತು? ಪೆನ್‌ಡ್ರೈವ್ ಎಲ್ಲಿದೆ?"

"ಇಲ್ಲ ಮೇಡಂ. ಮೂರನೇ ಲೋಟ ಮೇಡಂ" ಎಂದೆ. ಬಾಯಿಗೆ ಬಂದದ್ದು ಅದೇ.

"ಏನು?"

ಎಲ್ಲ ಹೇಳಿದೆ. ಸತ್ತ ಕೀಬೋರ್ಡು, ಟವೆಲ್, ಟೀ, ಹಾಲು. ಅವರು ನಂಬಲಿಲ್ಲ. ಪರದೆಯ ಕೊನೆಗೆ ಬೆರಳು ತೋರಿಸಿ, "ಕಣ್ ಮುಚ್ಕೊಂಡು ಇಲ್ಲಿ ಮೇನ್ ಅಂತ ಹೊಡಿ" ಎಂದರು. ಹೊಡೆದೆ. ಎನ್, ಎ, ಓ, ಎಂ. ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿಕೊಂಡರು. ನಗು ತಡೆದುಕೊಳ್ಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

"ಅಳಿಸು ಅದನ್ನ. ರನ್ ಮಾಡು."

ಒಂದು ತಪ್ಪು ಬಂತು. ಸೆಮಿಕೋಲನ್ ಬಿಟ್ಟಿದ್ದೆ. ಹಾಕಿದೆ. ಓಡಿತು.

"ಕೀಬೋರ್ಡ್ ಜೋಡಿಸಿದ್ದು ಯಾವ ಮಹಾತಾಯಿ?" ಎಂದು ಮೇಡಂ ಕೇಳಿದರು. ಮುಂದಿನ ಸಾಲಿನಲ್ಲಿ ಪಟಪಟ ಸದ್ದು ನಿಂತುಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ದಿವ್ಯಾ ತನ್ನಷ್ಟಕ್ಕೆ, "ಸಾಕು ಅನ್ನೋರ್ ಯಾರು, ಸಾಕು ಅನ್ನೋರ್ ಯಾರು" ಎನ್ನುವುದು ಕೇಳಿಸಿತು. ಸದ್ದು ಮತ್ತೆ ಶುರುವಾಯಿತು.

ಇಬ್ಬರೂ ಪಾಸಾದೆವು. ಹಾಸ್ಟೆಲಿನ ಸೀಟು ಉಳಿಯಿತು. ಫಲಿತಾಂಶದ ಸಂಜೆ ಅವರ ಮನೆಯ ತಾರಸಿ ಮೇಲೆ ಕೂತು ಆ ಕೀಬೋರ್ಡನ್ನು ಸರಿಮಾಡಲು ಹೊರಟೆವು.

"ಐ ಎಲ್ಲಿರ್ತದ, ಹೇಳಬೇ ಮಹಾತಾಯಿ" ಎಂದೆ.

ದಿವ್ಯಾ ಕಣ್ಣನ್ನು ರಸ್ತೆಯ ಕಡೆಗಿಟ್ಟು, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು, ಇಲ್ಲದ ಕೀಗಳ ಮೇಲೆ ಏನೋ ಹೊಡೆದಳು. ಆಮೇಲೆ ಬಗ್ಗಿ, ಯಾವ ಬೆರಳು ಅಲ್ಲಾಡಿತು ಎಂದು ನೋಡಿದಳು. "ಇದು" ಎಂದು ಬಲಗೈಯ ನಡುಬೆರಳನ್ನು ಎತ್ತಿ ತೋರಿಸಿದಳು, ಬೇರೆ ಯಾರದೋ ಬೆರಳು ಎನ್ನುವಂತೆ. ಪ್ರತಿ ಅಕ್ಷರಕ್ಕೂ ಹೀಗೇ. ನಗುತ್ತ ನಗುತ್ತ ಕತ್ತಲಾಯಿತು, ಕೆಲಸ ಅರ್ಧಕ್ಕೇ ನಿಂತಿತು.

ಮುಂದಿನ ಸೆಮಿಸ್ಟರಿಗೆ ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದವು. ಒಬ್ಬೊಬ್ಬರಿಗೆ ಒಂದು. ಎಲ್ಲರೂ ಖುಷಿಪಟ್ಟರು, ನಾನೂ ಪಟ್ಟೆ. ಖುಷಿಪಡದೆ ಇರಲು ಕಾರಣವಿರಲಿಲ್ಲ. ದಿವ್ಯಾ ಕಿಟಕಿಯ ಪಕ್ಕದ ಜಾಗ ಹಿಡಿದಳು, ನನಗೆ ಸಿಕ್ಕಿದ್ದು ಗೋಡೆ ಪಕ್ಕದ್ದು. ಮೊದಲ ದಿನ ಲ್ಯಾಬ್ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಆಚೆಯ ಪ್ರೆಸ್ಸಿನ ಏಟುಗಳು ಒಂದೊಂದೂ ಕೇಳುತ್ತಿದ್ದವು. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿ, "ಮೇನ್, ಬ್ರಾಕೆಟ್" ಎಂದೆ, ಜೋರಾಗಿಯೇ. ಎಲ್ಲರೂ ತಿರುಗಿ ನೋಡಿದರು.

ಕಿಟಕಿಯ ಕಡೆಯಿಂದ, "ಹೂಂ, ಮುಂದೆ?" ಎಂದು ಕೇಳಿಸಿತು.