ಆರತಿ ಕೇಕು

ನಾಲ್ಕು ವರ್ಷದಲ್ಲಿ ಕೇಕಿನ ಮೇಲೆ ಕೊಂಬಿನ ಕುದುರೆಗಳನ್ನು, ಆ ಯೂನಿಕಾರ್ನ್‌ಗಳನ್ನು, ಎಷ್ಟು ಮಾಡಿದ್ದಳೋ ಹೇಮಶ್ರೀಗೇ ಲೆಕ್ಕ ತಪ್ಪಿತ್ತು. ಬಿಳೇಕಹಳ್ಳಿಯ ಮನೆಯ ಅಡುಗೆಮನೆಯಲ್ಲೇ ಕೇಕು ಮಾಡಿ ಕೊಡುತ್ತಿದ್ದ ಅವಳಿಗೆ ಆರ್ಡರ್ ಬರುತ್ತಿದ್ದದ್ದು ಒಂದೇ ರೀತಿ. ಫೋನಿಗೆ ಒಂದು ಫೋಟೋ, ಅದರ ಕೆಳಗೆ ‘ಸೇಮ್ ಟು ಸೇಮ್ ಬೇಕು ಮೇಡಂ’ ಅಂತ ಒಂದು ಸಾಲು. ಯಾವುದೋ ದೇಶದಲ್ಲಿ ಯಾರೋ ಮಾಡಿದ ಕುದುರೆ, ಇಲ್ಲಿ ಬಣ್ಣ ಮಾತ್ರ ಒಂದು ಸಲ ಗುಲಾಬಿ, ಇನ್ನೊಂದು ಸಲ ನೇರಳೆ. ಕೈ ಚೆನ್ನಾಗಿ ಪಳಗಿತ್ತು, ನಾಲ್ಕು ಜನ ಹೊಗಳುತ್ತಲೂ ಇದ್ದರು. ಆ ಹೊಗಳಿಕೆ ಕುದುರೆಗೆ ಸಲ್ಲಬೇಕಾದ್ದು, ತನಗಲ್ಲ ಅಂತ ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಮನೆಯ ಕೆಳಗಿನ ಅಂಗಡಿ ಖಾಲಿಯಾಯಿತು. ತಾತನ ಹೂವಿನ ಹೊಲವೆಲ್ಲ ಲೇಔಟಾಗಿ ಹೋದ ಮೇಲೆ ಉಳಿದ ಒಂದು ಸೈಟಿನಲ್ಲಿ ಅವಳಪ್ಪ ಕೆಂಪರಾಜು ಮೂರಂತಸ್ತು ಎಬ್ಬಿಸಿದ್ದ. ಬಾಡಿಗೆದಾರರನ್ನು ಆರಿಸುವುದೇ ಅವನ ಕಸುಬು, ಆ ಕಸುಬಿನಲ್ಲಿ ಮಗಳೆಂಬ ಮುಲಾಜೂ ಇರಲಿಲ್ಲ.

“ಅಂಗಡಿ ನಂಗೆ ಕೊಡಪ್ಪ,” ಅಂದಳು ಹೇಮಶ್ರೀ.

“ಮೆಡಿಕಲ್ ಶಾಪಿನೋರು ಕೇಳ್ತವ್ರೆ. ಮುಂದಿನ ಸೋಮವಾರ ಮಾತಾಡಕ್ಕೆ ಬರ್ತಾರೆ,” ಅಂದ ಅವನು. “ಫೋನ್ ನೋಡ್ಕೊಂಡು ಕೇಕ್ ಮಾಡೋರು ಬೀದಿಗೊಬ್ರು ಅವ್ರೆ. ಇದು ನಂದು ಅಂತ ಒಂದು ಮಾಡಿ ತೋರ್ಸು, ಅಂಗಡಿ ನಿಂದು. ಇಲ್ಲಾಂದ್ರೆ ಮಾತ್ರೆ ಮಾರೋರ್ದು.”

ಮಾತು ಚುಚ್ಚಿತು, ಯಾಕೆಂದರೆ ನಿಜವಾಗಿತ್ತು. ಅವತ್ತೇ ಹೇಮಶ್ರೀ ಫೋನಿನಲ್ಲಿದ್ದ ಕೇಕಿನ ಫೋಟೋಗಳನ್ನೆಲ್ಲ ಅಳಿಸಿದಳು. ಆ ವಾರ ಬಂದ ಎರಡು ಕುದುರೆ ಆರ್ಡರುಗಳಿಗೆ ಆಗಲ್ಲ ಎಂದು ಬರೆದು, ಬಿಟಿಎಂ ಬಡಾವಣೆಯಲ್ಲಿದ್ದ ಗೆಳತಿ ವಿಜಯಲಕ್ಷ್ಮಿಗೆ ಫೋನು ಮಾಡಿದಳು.

ವಿಜಯಲಕ್ಷ್ಮಿ ಬಾಗಲಕೋಟೆ ಕಡೆಯವಳು. ವಾರವಿಡೀ ಆಫೀಸು, ಶನಿವಾರ ಭಾನುವಾರ ಕಿರುಚಿತ್ರ. ಈಗ ತೆಗೆಯುತ್ತಿದ್ದದ್ದು ಏಳು ನಿಮಿಷದ್ದು: ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಮೊದಲ ಸಲ ಹುಟ್ಟುಹಬ್ಬ ಮಾಡಿಕೊಳ್ಳುವ ಕಥೆ. ಅಜ್ಜಿಯ ಪಾತ್ರಕ್ಕೆ ಅವಳು ಹಿಡಿದಿದ್ದು ಹೇಮಶ್ರೀಯ ಸ್ವಂತ ಅಜ್ಜಿ, ಕೆಂಪರಾಜುವಿನ ತಾಯಿ ಮಂಗಮ್ಮನನ್ನು. ಕೊನೆಯ ದೃಶ್ಯದ ಶೂಟಿಂಗು ಆ ಭಾನುವಾರ, ಹೇಮಶ್ರೀಯ ಮನೆಯ ಹಾಲ್‌ನಲ್ಲಿ. ಕೇಕು ಹೇಮಶ್ರೀಯೇ ಮಾಡಬೇಕಿತ್ತು. ಅಪ್ಪನ ಎದುರಿಗೆ, ಕ್ಯಾಮೆರಾದ ಎದುರಿಗೆ, ತನ್ನದು ಅನ್ನುವ ಕೇಕನ್ನೇ ಇಡುತ್ತೇನೆ ಎಂದು ಅವಳು ಅಲ್ಲೇ ನಿಶ್ಚಯಿಸಿಬಿಟ್ಟಳು.

“ಏನೂ ಹೊಳೀಲಿಲ್ಲ ಅಂದ್ರ ನಾ ಸುಮ್ನ ಬೀದ್ಯಾಗ ಅಡ್ಡಾಡ್ತೀನಿ,” ಅಂದಳು ವಿಜಯಲಕ್ಷ್ಮಿ. “ಕೂತಲ್ಲೇ ಕೂತ್ರ ಬರೇ ಬೆನ್ನ ನೋಯ್ತದ.”

ಹಾಗಾಗಿ ಹೇಮಶ್ರೀ ಅಡ್ಡಾಡಿದಳು. ಹನುಮಂತನಗರದ ಹಳೇ ಮನೆಗಳ ಕಿಟಕಿ ಸರಳುಗಳನ್ನು ನೋಡಿದಳು. ಒಂದರಲ್ಲಿ ನವಿಲು, ಒಂದರಲ್ಲಿ ಸೂರ್ಯ, ಇನ್ನೊಂದರಲ್ಲಿ ಮನೆ ಕಟ್ಟಿಸಿದ ಇಸವಿ. ಪುಸ್ತಕದಲ್ಲಿ ಬರೆದುಕೊಂಡು ಬಂದು ಮಂಗಳವಾರ ಕಿಟಕಿ ಕೇಕು ಮಾಡಿದಳು. ಅದು ನೋಡಲು ಜೈಲಿನ ಹಾಗಿತ್ತು. ಬುಧವಾರ ಕೆಂಪು ಗಾರೆ ನೆಲದ ಬಣ್ಣ, ಸುತ್ತ ಕಪ್ಪು ಅಂಚು ಹಾಕಿದ ಕೇಕು. ಕೆಂಪರಾಜು ಹಾದುಹೋಗುತ್ತಾ ಇಣುಕಿ, “ನೆಲ ಚೆನ್ನಾಗ್ ಒರೆಸಿದೀಯ,” ಅಂತ ಹೇಳಿಹೋದ. ಎರಡು ಕೇಕನ್ನೂ ಮನೆಯವರೇ ತಿಂದು ಮುಗಿಸಬೇಕಾಯಿತು. ಹೇಮಶ್ರೀಗೆ ಅಳು ಬರುತ್ತಿತ್ತು, ಅಳುವುದಕ್ಕೆ ಪುರಸೊತ್ತು ಇರಲಿಲ್ಲ.

ಗುರುವಾರ ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋದಳು. ಹೂವಿನವರ ಸಾಲಿನಲ್ಲಿ ಮುನಿಲಕ್ಷ್ಮಮ್ಮ ಅನ್ನುವ ಹೆಂಗಸು ಕನಕಾಂಬರ ಕಟ್ಟುತ್ತಿದ್ದಳು. ಎರಡು ಹೂ ಆ ಕಡೆಗೆ, ಎರಡು ಈ ಕಡೆಗೆ, ನಡುವೆ ಬಾಳೆನಾರಿನ ಒಂದು ಸುತ್ತು, ಬೆರಳಲ್ಲೇ ಒಂದು ಗಂಟು. ಮಾತಾಡುತ್ತಿದ್ದರೂ ಕೈ ತಪ್ಪುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಹಿತ್ತಾಳೆ ತಟ್ಟೆ, ಅದರ ಅಂಚಿನ ಸುತ್ತ ನಿಲ್ಲಿಸಿದ ಬಿದಿರು ಕಡ್ಡಿಗಳಿಗೆ ಸಾಲು ಸಾಲಾಗಿ ಹೂ ಸುತ್ತಿ ಅರ್ಧ ಮುಗಿಸಿದ್ದಳು.

“ಇದ್ಯಾವುದಕ್ಕಕ್ಕ?”

“ಆರತಿಗೆ. ಯಾವ್ದೋ ಊರಮ್ಮನ ಹಬ್ಬ ಅಂತೆ, ಹೇಳಿ ಹೋಗವ್ರೆ,” ಅಂದಳು ಮುನಿಲಕ್ಷ್ಮಮ್ಮ. “ತಂಬಿಟ್ಟು ಮಧ್ಯದಲ್ಲಿ ಅವ್ರೇ ಇಟ್ಕೋತಾರೆ.”

ಹೇಮಶ್ರೀ ಅಲ್ಲೇ ನಿಂತುಬಿಟ್ಟಳು. ತಮ್ಮ ಊರಿನ ಹೆಂಗಸರು ಹೊಸ ಸೀರೆಯುಟ್ಟು, ಹೂವಿನಲ್ಲಿ ಮುಚ್ಚಿಹೋದ ಇಂಥದ್ದೇ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು, ತಮಟೆಯ ಹಿಂದೆ ಗುಡಿಗೆ ಹೋಗುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಹಿಟ್ಟು, ಬೆಲ್ಲ, ಹೂವು, ತುದಿಯಲ್ಲಿ ದೀಪ. ಲೋಕದ ಕೇಕುಗಳನ್ನೆಲ್ಲ ಫೋನಿನಲ್ಲಿ ಹುಡುಕಿದವಳಿಗೆ ಅಜ್ಜಿಯ ತಲೆಯ ಮೇಲಿದ್ದದ್ದು ಕಂಡಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಜೊತೆಗೇ ಕುಣಿಯುವಷ್ಟು ಖುಷಿಯೂ ಆಯಿತು.

ಮುಂದಿನ ಎರಡು ದಿನ ಅಡುಗೆಮನೆಗೆ ಯಾರನ್ನೂ ಬಿಡಲಿಲ್ಲ. ಕ್ರೀಮು ಬೇಡ, ಮೊಟ್ಟೆ ಬೇಡ. ಹುರಿಗಡಲೆ ಹಿಟ್ಟು, ಬೆಲ್ಲ, ಎಳ್ಳು, ಕೊಬ್ಬರಿ, ಏಲಕ್ಕಿ, ತುಪ್ಪ. ಮೊದಲ ಸಲ ಒವೆನ್ನಿನಲ್ಲಿ ಇಟ್ಟದ್ದು ಕಲ್ಲಾಯಿತು, ಎರಡನೆಯದು ಪುಡಿಪುಡಿಯಾಯಿತು, ಐದನೆಯದು ತಂಬಿಟ್ಟಿನ ಹದಕ್ಕೆ ಗಟ್ಟಿಯಾಗಿಯೂ ಕೇಕಿನಂತೆ ಮೆತ್ತಗೂ ಬಂತು. ಅದನ್ನು ಗೋಪುರದ ಹಾಗೆ ಕೆತ್ತಿ, ಸಕ್ಕರೆ ಹಿಟ್ಟಿನಲ್ಲಿ ಒಂದೊಂದೇ ಕನಕಾಂಬರ, ಒಂದೊಂದೇ ಮಲ್ಲಿಗೆ ಮೊಗ್ಗು ತಿದ್ದಿ, ಎರಡು ಆ ಕಡೆ ಎರಡು ಈ ಕಡೆ ಅಂಟಿಸಿದಳು. ಬೆರಳ ತುದಿ ಬೊಬ್ಬೆ ಎದ್ದಿತು. ಭಾನುವಾರ ಅದನ್ನು ಹಾಲ್‌ನ ನಡುವೆ ತಂದಿಟ್ಟು, ತುದಿಯಲ್ಲಿ ಮೇಣದಬತ್ತಿಯ ಬದಲು ಪುಟ್ಟ ಹಣತೆ, ತುಪ್ಪದ ಬತ್ತಿ ಇಟ್ಟಾಗ, ವಿಜಯಲಕ್ಷ್ಮಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ.

ಕ್ಯಾಮೆರಾ ಹಿಡಿದಿದ್ದ ಮಯೂರ್ ನಾಲ್ಕೂ ಕಡೆಯಿಂದ ನೋಡಿ, “ಇರೋದು ಒಂದೇ ಕೇಕ್ ಅಲ್ವಾ? ಒಂದೇ ಟೇಕಲ್ಲಿ ಮುಗಿಸ್ಬೇಕು,” ಅಂದ.

ದೃಶ್ಯ ಬಹಳ ಸುಲಭದ್ದು. ಅಜ್ಜಿ ದೀಪ ಊದಬೇಕು, ಕೇಕು ಕತ್ತರಿಸಬೇಕು, ನಗಬೇಕು. ವಾರದಿಂದ ನಗುವುದನ್ನೇ ಅಭ್ಯಾಸ ಮಾಡಿದ್ದ ಮಂಗಮ್ಮ ರೇಷ್ಮೆ ಸೀರೆಯುಟ್ಟು ಬಂದು ಕುಳಿತಳು. ಕೇಕನ್ನು ನೋಡಿದಳು. ಎದ್ದು ಹೋಗಿ ಕೈಕಾಲು ತೊಳೆದು ಬಂದಳು. ಕೆಂಪರಾಜು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ದೀಪ ಹಚ್ಚಿದರು, ವಿಜಯಲಕ್ಷ್ಮಿ “ಆ್ಯಕ್ಷನ್” ಅಂದಳು, ಮಂಗಮ್ಮ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು.

“ಅಜ್ಜಿ, ಚಾಕು ತಗೊ,” ಅಂದಳು ಹೇಮಶ್ರೀ.

“ಚಾಕು ಯಾಕೆ? ಇದು ಆರತಿ ಕಣೇ,” ಅಂದಳು ಮಂಗಮ್ಮ. “ಆರತಿಗೆ ಚಾಕು ಹಾಕ್ತಾರಾ? ದೀಪಾನ ಬಾಯಲ್ಲಿ ಊದು ಅಂತೀಯಲ್ಲ, ನಿಂಗೇನ್ ಬುದ್ಧಿ ಕೆಟ್ಟಿದ್ಯಾ?”

ಮಯೂರ್ ಕ್ಯಾಮೆರಾ ನಿಲ್ಲಿಸಿದ. ಹೇಮಶ್ರೀ ಬೇಗ ಬತ್ತಿಯನ್ನು ದೇವರ ಪಟದ ಹೂವಿನ ಎಸಳಿನಿಂದ ಒತ್ತಿ ಶಾಂತ ಮಾಡಿದಳು.

“ಅಮ್ಮಾರ, ಇದು ಖರೇ ಆರತಿ ಅಲ್ರಿ, ಕೇಕ್ ರೀ,” ಅಂದಳು ವಿಜಯಲಕ್ಷ್ಮಿ. “ಒಂದ ಸಲ ಚಾಕು ಆಡಿಸ್ರಿ, ಸಾಕು.”

“ಹೆಂಗ್ ಕಾಣ್ತದೋ ಅದೇ ಅದು. ನಾನ್ ಆಡ್ಸಲ್ಲ.”

ಕತ್ತರಿಸುವಾಗ ಬೇರೆ ಯಾರದಾದರೂ ಕೈ ತೋರಿಸೋಣ ಅಂದ ಮಯೂರ್. ಯಾರ ಕೈಯಾದರೂ ಆ ಮನೆಯಲ್ಲಿ ಅದು ನಡೆಯಲ್ಲ ಅಂದಳು ಮಂಗಮ್ಮ. ಕೆಂಪರಾಜು ಜೇಬಿನಿಂದ ಫೋನು ತೆಗೆದ.

“ತಿನ್ನಕ್ಕೇ ಆಗದ ಕೇಕ್ ಮಾಡಿದೀಯಲ್ಲ ಮಗಳೇ,” ಅಂದ. ಅವನ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ, ಅದೇ ಹೆಚ್ಚು ನೋಯಿಸಿತು. “ಯಾರ್ ತಗೋತಾರೆ ಇದನ್ನ? ಮೆಡಿಕಲ್‌ನೋರಿಗೆ ನಾಳೆ ಅಡ್ವಾನ್ಸ್ ತಗೊಂಡೇ ಬನ್ನಿ ಅಂತ ಹೇಳ್ಬಿಡ್ತೀನಿ.”

“ಹೂ ಕಿತ್ತ ಬಿಡೂಣೇನ?” ವಿಜಯಲಕ್ಷ್ಮಿ ಮೆಲ್ಲಗೆ ಕೇಳಿದಳು. “ಆಗ ಬರೇ ಕೇಕ್ ಆಗ್ತದಲ್ಲ.”

“ಇಲ್ಲ. ಕೀಳಲ್ಲ,” ಅಂದಳು ಹೇಮಶ್ರೀ. “ಅಪ್ಪ, ಹತ್ತು ನಿಮಿಷ ಫೋನ್ ಮಾಡ್ಬೇಡ.”

ಅವಳಿಗೆ ನಾಚಿಕೆಯಾಗಿತ್ತು. ಎರಡು ದಿನ ಕೂತು ಅದು ಹೇಗೆ ಕಾಣಬೇಕು ಎಂದು ನೂರು ಸಲ ಯೋಚಿಸಿದ್ದಳು, ಅದು ಬಾಯಿಗೆ ಹೇಗೆ ಬರುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ತಟ್ಟೆಯನ್ನು ನೋಡಿದ್ದಳು, ತಟ್ಟೆ ಹೊತ್ತವರನ್ನು ಕೇಳಿರಲಿಲ್ಲ. ಅದನ್ನೂ ಫೋಟೋದ ಹಾಗೇ ನಕಲು ಹೊಡೆದಿದ್ದಳು. ಹೋಗಿ ಅಜ್ಜಿಯ ಪಕ್ಕ ನೆಲದ ಮೇಲೆ ಕುಳಿತಳು.

“ಅಜ್ಜಿ, ಗುಡಿಯಿಂದ ಬಂದ್ಮೇಲೆ ತಂಬಿಟ್ಟು ಏನ್ ಮಾಡ್ತಿದ್ರಿ?”

“ತಿನ್ತಿದ್ವಿ, ಇನ್ನೇನ್ ಮಾಡ್ತಾರೆ.”

“ಹೆಂಗೆ?”

“ದೀಪ ತಾನಾಗ್ ತಾನೇ ಶಾಂತ ಆಗ್ಬೇಕು. ಆಮೇಲೆ ಕೈಲಿ ಮುರ್ದು, ಬಂದೋರಿಗೆಲ್ಲ ಕೊಡ್ಬೇಕು. ಕೊಟ್ಟು ಉಳಿದ್ರೆ ನಮಗೆ.”

“ಹಂಗೇ ಮಾಡು,” ಅಂದು ಹೇಮಶ್ರೀ ಎದ್ದು ಚಾಕುವನ್ನು ಆಚೆ ತೆಗೆದಿಟ್ಟಳು. “ವಿಜಿ, ಊದೋದು ಬೇಡ, ಕತ್ತರಿಸೋದೂ ಬೇಡ. ಅಜ್ಜಿ ಏನ್ ಮಾಡ್ತಾಳೋ ಅದನ್ನ ತೆಗಿ.”

“ದೀಪ ಆರೂ ತನಕಾ ಕಾಯಬೇಕಲ್ಲ. ನನ್ನ ಪಿಚ್ಚರ್ ಇರೂದ ಏಳು ನಿಮಿಷ.”

“ಕಾಯೋಣ.”

ಕಾದರು. ಮತ್ತೆ ಹಚ್ಚಿದ ಹಣತೆಯ ತುಪ್ಪ ಇಂಗಲು ಹನ್ನೊಂದು ನಿಮಿಷ ಹಿಡಿಯಿತು, ಅಷ್ಟು ಹೊತ್ತೂ ಮಯೂರನ ಕ್ಯಾಮೆರಾ ಓಡುತ್ತಲೇ ಇತ್ತು. ಹೊರಗೆ ಬನ್ನೇರುಘಟ್ಟ ರಸ್ತೆಯ ಹಾರನ್ನು, ಒಳಗೆ ಮಂಗಮ್ಮನ ಮುಖದ ಮೇಲೆ ಆ ಸಣ್ಣ ಬೆಳಕು. ಅಭ್ಯಾಸ ಮಾಡಿದ ನಗುವನ್ನು ಅವಳು ಮರೆತೇಬಿಟ್ಟಿದ್ದಳು, ಅವಳ ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಹೇಮಶ್ರೀಗೆ ಈಗ ಒಂದೇ ಭಯ. ಚಾಕುವಿಗೆಂದು ಮಾಡಿದ ಕೇಕು ಕೈಗೆ ಪುಡಿಯಾದರೆ, ಅಲ್ಲಿಗೆ ಎಲ್ಲ ಮುಗಿಯಿತು.

ದೀಪ ಶಾಂತವಾಯಿತು. ಮಂಗಮ್ಮ ಹಣತೆ ಇಳಿಸಿ, ಗೋಪುರದ ತುದಿಯನ್ನು ಅಂಗೈಯಲ್ಲಿ ಹಿಡಿದು ಒಂದು ತಿರುವು ತಿರುವಿದಳು. ಹೂವಿನ ಸಮೇತ ಒಂದು ಹಿಡಿ, ಒಂದು ಚೂರೂ ಉದುರದೆ ಕೈಗೆ ಬಂತು. ಅದನ್ನು ಯಾರಿಗೆ ಕೊಡಬೇಕೆಂದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಮಂಗಮ್ಮ ಬಾಗಿಲ ಕಡೆ ನೋಡಿದಳು.

“ಬಾರೋ ರಾಜು,” ಅಂದಳು. “ಅಲ್ಲೇನ್ ನಿಂತಿದೀಯ.”

ಕೆಂಪರಾಜು ಪಂಚೆ ಇಳಿಬಿಟ್ಟು, ಫೋನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕ್ಯಾಮೆರಾದ ಮುಂದೆಯೇ ನಡೆದು ಬಂದ. ಎರಡೂ ಕೈ ಒಡ್ಡಿ ತೆಗೆದುಕೊಂಡ. ಕೇಕನ್ನು ಕಣ್ಣಿಗೆ ಒತ್ತಿಕೊಂಡ, ಆಮೇಲೆ ಬಾಯಿಗೆ ಹಾಕಿಕೊಂಡ. ವಿಜಯಲಕ್ಷ್ಮಿ ಕಟ್ ಅನ್ನಲಿಲ್ಲ.

ಅವನು ನಿಧಾನವಾಗಿ ಅಗಿದು ನುಂಗಿದ. ಮೇಜಿನ ಮೇಲೆ ಕೇಕಿನ ಖಾಲಿ ಡಬ್ಬಿ ಇತ್ತು, ಅದರೊಳಗೆ ಎಲ್ಲ ಆರ್ಡರಿಗೂ ಇಡುವ ಹಾಗೆ ಒಂದು ಪ್ಲಾಸ್ಟಿಕ್ ಚಾಕು. ಅದನ್ನು ತೆಗೆದು ಮಗಳ ಕೈಗೆ ಕೊಟ್ಟ.

“ಅಂಗಡೀಲಿ ಇದನ್ನ ಕೊಡೋವಾಗ ಚಾಕು ಇಡ್ಬೇಡ,” ಅಂದ. “ಕೈ ತೊಳ್ಕೊಳಕ್ಕೆ ಬಾಗ್ಲಲ್ಲಿ ಒಂದು ನಲ್ಲಿ ಹಾಕ್ಸಿ ಕೊಡ್ತೀನಿ.”