ಮಳೆಗಾಲದ ಸೀಮೆಸುಣ್ಣ

"ಹದಿನೇಳ ಪದವೀಧರರಿಗೆ ಸರಕಾರ ನೆರವು ಕೊಟ್ಟಿತ್ತು. ಈ ತಾಲೂಕಿನಾಗ ಉಳದದ್ದು ಇವರದೊಂದ ಕಾರಖಾನಿ ನೋಡ್ರಿ!" ಎಂದು ಸ್ವಯಂ ಉದ್ಯೋಗ ಯೋಜನೆಯ ಅಧಿಕಾರಿ ಬಾಳಾಸಾಹೇಬರು ಸಿದರಾಯನ ಬೆನ್ನ ಮೇಲೆ ಕೈಯಿಟ್ಟರು.

ಖಾನಾಪುರದ ಆ ತಗಡಿನ ಶೆಡ್ಡಿನೊಳಗೆ ಕಾರಖಾನೆ ನೋಡಲೆಂದು ಬೆಳಗಾವಿಯಿಂದ ಬಂದ ಹೊಸ ಪದವೀಧರರು ಒತ್ತಿಕೊಂಡು ನಿಂತಿದ್ದರು. ಹೊರಗೆ ಆಷಾಢದ ಮಳೆ. ಮೇಜಿನ ಮೇಲೆ ಸಿದರಾಯನ ಹೆಸರಿನ ಚೀಟಿ ಅಂಟಿಸಿದ ಸೀಮೆಸುಣ್ಣದ, ಆ ಕಡೆಯ ಮಾತಿನಲ್ಲಿ ಖಡುವಿನ, ಡಬ್ಬಿಗಳು.

ಚೀಟಿ ಮಾತ್ರ ಅವನದು. ಕುರಿ ಕಾಯುವ ಮನೆತನದಲ್ಲಿ ಬಿ.ಎಸ್ಸಿ. ಓದಿದವನು ಅವನೊಬ್ಬನೇ. ೧೯೮೪ರ ಬೇಸಿಗೆಯಲ್ಲಿ ಕೆಲಸ ಆರಂಭಿಸಿದಾಗ ಸೀಮೆಸುಣ್ಣ ಚೆನ್ನಾಗಿಯೇ ಬಂದಿತ್ತು. ಮಳೆ ಹಿಡಿದ ಮೇಲೆ ಅಚ್ಚಿನಿಂದ ತೆಗೆದದ್ದು ವಾರವಾದರೂ ಒಣಗಲಿಲ್ಲ. ಶಾಲೆಗಳಿಂದ ಮಾಲು ತಿರುಗಿ ಬಂತು. ಆಗ ಬೆಳಗಾವಿ ಪೇಟೆಯಿಂದ ಬೇರೆಯವರ ಸೀಮೆಸುಣ್ಣ ತಂದು ತನ್ನ ಡಬ್ಬಿಗೆ ತುಂಬಿದ. ಒಂದು ತಿಂಗಳ ಮಟ್ಟಿಗೆ ಅಂದುಕೊಂಡಿದ್ದ. ಇದು ಎರಡನೆಯ ಮಳೆಗಾಲ. ಕೆಲಸಕ್ಕಿದ್ದ ಮಾಯವ್ವ ಈಗ ಚೀಟಿಯಷ್ಟೇ ಅಂಟಿಸುತ್ತಿದ್ದಳು.

ಗುಂಪಿನಲ್ಲಿದ್ದ ಜಾಂಬೋಟಿಯ ಶಿವಬಸವ್ವ ಎಂಬ ಯುವತಿ ನೋಟುಬುಕ್ಕು ತೆರೆದು ಮುಂದೆ ಬಂದಳು. "ನಾನೂ ಇದಕ್ಕ ಅರ್ಜಿ ಹಾಕೇನ್ರಿ ಸರ. ನಮ್ಮ ಕಡೆ ಮಳಿ ಭಾಳ. ಖಡು ಹೆಂಗ ಒಣಗಸ್ತೀರಿ?"

ಸಿದರಾಯ ಮೇಜಿನ ಮೇಲಿನ ಡಬ್ಬಿಯೊಂದನ್ನು ಸರಿಸಿಟ್ಟ. ಮಾಯವ್ವ ತಾನಾಗಿ ಮುಂದೆ ಬಂದಳು. "ಒಲಿ ಹಚ್ಚತೀವ್ರಿ ಬಾಯಾರ. ಮ್ಯಾಲ ಅಟ್ಟ ಕಟ್ಟಿ ಹರವತೀವಿ. ಎರಡ ದಿನದಾಗ ಒಣಗತೈತ್ರಿ." ಹೇಳುವಾಗ ಅವಳು ನೆಲ ನೋಡುತ್ತಿದ್ದಳು.

"ಖರೇನ್ರಿ ಸರ?"

"ಹೂಂ" ಎಂದ ಸಿದರಾಯ.

ಶಿವಬಸವ್ವ ಬರೆದುಕೊಂಡಳು. 'ಒಲಿ' ಎಂಬುದರ ಕೆಳಗೆ ಒಂದು ಗೆರೆ ಎಳೆದಳು.

ಬಂದವರು ಬಸ್ಸಿನತ್ತ ಹೊರಟ ಮೇಲೆ ಮಾಯವ್ವ ಅಂದಳು: "ನಿಮ್ಮ ಮಾನ ಉಳೀಲಿ ಅಂತ ಅಂದ್ನಿರಿ ಅಣ್ಣಾರ."

ಸಿದರಾಯನಿಗೆ ಅವಳ ಮುಖ ನೋಡಲಾಗಲಿಲ್ಲ. ಮಳೆಯಲ್ಲೇ ಓಡಿದ. ಶಿವಬಸವ್ವ ಎಲ್ಲರಿಗಿಂತ ಹಿಂದೆ ಬಸ್ಸು ಹತ್ತುತ್ತಿದ್ದಳು.

"ಅಕ್ಕಾರ, ಒಲಿಗೆ ಒಣಗಂಗಿಲ್ರಿ. ನಾ ಮಾಡಿ ನೋಡೇನಿ, ಎಲ್ಲಾ ಸೀಳತಾವ. ಡಬ್ಬಿಯೊಳಗಿನವು ಪ್ಯಾಟಿಯಿಂದ ತಂದವು. ನಮ್ಮವಲ್ಲ."

ಅವಳು ಮೆಟ್ಟಿಲ ಮೇಲೇ ನಿಂತಳು. "ಪೇಪರಿನಾಗ ನಿಮ್ಮ ಫೋಟೋ ನೋಡಿ ಸಾಲಿ ಟೀಚರ್ ನೌಕರಿ ಬಿಟ್ಟೇನ್ರಿ ನಾ" ಎಂದಳು. ದನಿ ಏರಿರಲಿಲ್ಲ. "ಒಳಗ ಎಲ್ಲಾರ ಮುಂದ ಯಾಕ ಅನ್ನಲಿಲ್ರಿ?"

ಅವನು ಮುಖದ ಮೇಲಿನ ಮಳೆನೀರು ಒರೆಸಿಕೊಂಡ.

"ಈಗರ ಹೇಳ್ರಿ. ಸಾಹೇಬ್ರು ಇಲ್ಲೇ ಅದಾರ."

ಮುಂದಿನ ಸೀಟಿನ ಕಿಟಕಿಯಿಂದ ಬಾಳಾಸಾಹೇಬರು ತಲೆ ಹೊರಗೆ ಹಾಕಿದರು. "ಅಯ್ಯ, ನಮ್ಮನ್ನ ಕಳಸಾಕ ಮಳ್ಯಾಗ ಬಂದ್ರೇನು? ಹೋಗ್ರಿ, ಹೋಗ್ರಿ, ನಿಮ್ಮ ಕೆಲಸ ನಿಲ್ಲಬಾರದು!"

ಸಿದರಾಯ ಬಾಯಿ ತೆರೆದ. ತುಟಿಗೆ ಬಂದದ್ದು ನಗು.

ಶಿವಬಸವ್ವ ಒಳಗೆ ಹೋದಳು. ಬಸ್ಸು ಹೊರಟಿತು. ಬಾಳಾಸಾಹೇಬರು ಕೈ ಬೀಸಿದರು. ಸಿದರಾಯನ ಕೈಯೂ ಮೇಲೆದ್ದಿತು. ಎರಡು ಸೀಟು ಹಿಂದೆ ಅರ್ಧ ತೆರೆದಿದ್ದ ಕಿಟಕಿಯ ಗಾಜನ್ನು ಅವಳು ಎಳೆದು ಮುಚ್ಚಿದಳು.