ಮೊದಲು ನೋಡಿದವಳು

ಪರೀಕ್ಷೆಯ ಮಂಚಕ್ಕೆ ಹಾಸಿದ ತೆಳು ಕಾಗದ ಪರಪರ ಅಂತು, ಯಾರೋ ಕೂತರು, ಇಲ್ಲ, ಕೂರಲಾಗದೆ ಒಂದು ಮಗ್ಗುಲಿಗೆ ವಾಲಿದರು, ಗೋಡೆ ಕಡೆ ತಿರುಗಿ ಕೈ ತೊಳೆಯುತ್ತಿದ್ದರೂ ಗಗನಾಳಿಗೆ ಗೊತ್ತಾಗುತ್ತದೆ, ನೋವಿರುವವರು ಕಾಗದ ಮುದುರಿಸುವ ರೀತಿಯೇ ಬೇರೆ — ಬೆಳಗಿನ ಹತ್ತೂವರೆ, ಕಿಟಕಿಯಾಚೆ ವುಡ್‌ಲ್ಯಾಂಡ್ ಹಿಲ್ಸಿನ ಆಫೀಸುಗಳು, ಪಾರ್ಕಿಂಗಿನಲ್ಲಿ ಕಾರುಗಳ ಗಾಜು ಕಣ್ಣಿಗೆ ಹೊಡೆಯುತ್ತಿದೆ, ಇವತ್ತಿನ ಮೂರನೆಯ ಸೊಂಟ. ಇಲ್ಲಿ ಸೊಂಟ ಹಿಡಿದವರು ಡಾಕ್ಟರ ಚೀಟಿಗೆ ಕಾಯಬೇಕಿಲ್ಲ, ನೆಟ್ಟಗೆ ಫಿಸಿಯೋಥೆರಪಿಸ್ಟ್ ಹತ್ತಿರ ಬರಬಹುದು, ಅಂದರೆ ಮೊದಲು ನೋಡುವವಳು ನೀನೇ, ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು, ಹೆದರಬೇಡ, ನೂರಕ್ಕೆ ತೊಂಬತ್ತು ಸೊಂಟ ತಾವಾಗಿಯೇ ಸರಿಹೋಗುತ್ತವೆ, ಮಲಗಿಬಿಡಬೇಡಿ, ಓಡಾಡುತ್ತಿರಿ ಅಂತ ಧೈರ್ಯ ಹೇಳು ಸಾಕು, ದಿನಕ್ಕೆ ಆರು ಸಲ ಹೇಳುತ್ತಾಳೆ, ಈಗ ಬಾಯಿ ತಾನೇ ಹೇಳಿಬಿಡುತ್ತದೆ, ಓದುವಾಗ ಪಾಠದಲ್ಲಿ ಕೇಳಿದ್ದ ಇದೇ ಮಾತನ್ನು ಗಂಡ ನಿತಿನನಿಗೂ ಹೇಳಿದ್ದಳು. ಲಾಂಗ್ ಬೀಚಿನ ಆ ಒಂದು ಕೋಣೆಯ ಮನೆ, ಅವಳದಿನ್ನೂ ಓದು, ಅವನಿಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸ, ಶನಿವಾರ ರೈಲಿನಲ್ಲಿ ಬರುತ್ತಾನೆ, ದಾರಿಯುದ್ದಕ್ಕೂ ಸಮುದ್ರ ನೋಡಿ ನೋಡಿ ಹೊಟ್ಟೆ ಹಸೀತು ಅನ್ನುತ್ತಾನೆ, ಕಾಫಿ ಕುಡಿದ ಲೋಟ ಕೆಳಗಿಡುವಷ್ಟರಲ್ಲಿ ಅವಳು ಅಂಗಿ ಬಿಚ್ಚು ಅನ್ನುತ್ತಾಳೆ, ಪರೀಕ್ಷೆ ಹತ್ತಿರ ಬಂತು ಕಣೋ, ಬೋರಲು ಮಲಗು, ಕಾರ್ಪೆಟ್ಟಿನ ಮೇಲೆ ಅವನ ಬೆನ್ನು, ಬೆನ್ನುಮೂಳೆಯ ಒಂದೊಂದೇ ಗೆಣ್ಣನ್ನು ಬೆರಳಲ್ಲಿ ಹುಡುಕಿ ನೀಲಿ ಪೆನ್ನಿನ ಚುಕ್ಕಿ ಇಡುತ್ತಾ ಬರುತ್ತಾಳೆ, ಸೊಂಟದ ಹತ್ತಿರ ಬಂದರೆ ಕಚಗುಳಿ, ಹಂದಾಡಬೇಡ, ಬೇರೆಯವರ ಹೆಂಡತಿಯರು ಬಾಗಿಲಿಗೆ ರಂಗೋಲಿ ಇಡ್ತಾರೆ ಕಣೇ, ನಿಂದೇನು ಗಂಡನ ಬೆನ್ನಿಗೆ — ಸೋಮವಾರ ಆಫೀಸಿನ ಜಿಮ್ಮಿನಲ್ಲಿ ಯಾರೋ ಇದೇನು ಹಚ್ಚೆಯಾ ಅಂತ ಕೇಳಿದರಂತೆ, ಅಲ್ಲ, ನನ್ನ ಹೆಂಡತಿಯ ಹೋಮ್‌ವರ್ಕು ಅಂದನಂತೆ.

ಹಲೋ, ಅಂದದ್ದು ಮಂಚದ ಪಕ್ಕದ ಹುಡುಗಿ, ನಿಕಿತಾ, ಕಾಲೇಜಿನವಳು, ಇದು ನಮ್ಮಜ್ಜಿ, ಗುರುಬಸವ್ವ, ಗದಗದಿಂದ ನಮ್ಮನೆಗೆ ಬಂದು ಎರಡು ತಿಂಗಳಾಯಿತು, ಎಲ್ಲ ಇಂಗ್ಲಿಷಿನಲ್ಲೇ, ಫಾರಂ ತುಂಬಿದವಳೂ ಅವಳೇ, ಮೂರು ದಿನದ ಸೊಂಟನೋವು, ಆರ್ಟೀಷಿಯಾದ ಇಂಡಿಯನ್ ಅಂಗಡಿಯಿಂದ ತಂದ ಜೋಳದ ಹಿಟ್ಟಿನ ಚೀಲ ಎತ್ತಿದ್ದರಿಂದ, ಇನ್ನೇನಾದರೂ ತೊಂದರೆ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ, ತಾನು ಎಲ್ಲಿ ಕೂತಿದ್ದೇನೆಂಬುದು ಅಜ್ಜಿಗೆ ತಿಳಿಯುತ್ತಿಲ್ಲ, ನಿನ್ನೆಯಿಂದ ಒಂದು ಗಂಟೆಗೆ ಹೋಗುತ್ತಿಲ್ಲ. ಎಲ್ಲಿಗೆ ಒಂದು ಗಂಟೆಗೆ? ವಾಕಿಂಗಿಗೆ ಇರಬೇಕು ಅಂತ ಹುಡುಗಿ ಭುಜ ಕುಣಿಸುತ್ತಾಳೆ. ಎಪ್ಪತ್ತೆರಡು ವಯಸ್ಸು, ಹೊಸ ಊರು, ಗಗನಾ ಫಾರಮಿನ ಅಂಚಿಗೆ ಮರೆವು ಎಂದು ಬರೆದು ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕುತ್ತಾಳೆ, ನೂರಕ್ಕೆ ತೊಂಬತ್ತು ಎಂದು ಬಾಯಿ ಆಗಲೇ ಶುರು ಮಾಡಿದೆ, ಬರಿಯ ಮರ್ಯಾದೆಗೆಂಬಂತೆ ಕನ್ನಡದಲ್ಲಿ, ಏನಾಯ್ತು ಅಜ್ಜಿ, ನನಗೊಂದ್ಸಲ ಹೇಳಿ. ಅಜ್ಜಿಯ ಮುಖ ಸೆರಗಿನ ಗಂಟು ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು, ಅಯ್ಯ, ನಮ್ಮ ಪೈಕಿ ಏನವ್ವಾ ನೀನು, ಮೊದಲ ಹೇಳಬಾರದೇನ, ನಡಾ ಹಿಡದೈತಿ, ಅದೇನ ದೊಡ್ಡದಲ್ಲ ಬಿಡು, ಕುಂತರ ಕುಂತದ್ದ ಗೊತ್ತಾಗವಲ್ದು, ಕೆಳಗೆಲ್ಲಾ ಸತ್ತಂಗ ಆಗೇತಿ, ನಿನ್ನಿ ಮಧ್ಯಾಹ್ನದಿಂದ ಒಂದಕ್ಕೂ ಹೋಗಿಲ್ಲ, ಈ ಹುಡುಗಿಗಿ ಹೇಳಿದರ ಅದು ಗಡಿಯಾರ ನೋಡತೈತಿ. ಒಂದಕ್ಕೆ. ಬಸವನಗುಡಿಯ ಶಾಲೆ, ಕಿರುಬೆರಳು ಎತ್ತಿ ನಿಂತ ಸಾಲು, ಮಿಸ್ ಒಂದಕ್ಕೆ, ನಿತಿನ್ ಇಲ್ಲಿಯ ಉದ್ದುದ್ದ ಊಟದ ಪಾರ್ಟಿಗಳಲ್ಲಿ ಕೋಣೆಯ ಆ ತುದಿಯಿಂದ ಅವಳಿಗೆ ಕಿರುಬೆರಳು ತೋರಿಸುತ್ತಾನೆ, ಹೊರಡೋಣ ನಡಿ ಎಂದು ಅದರರ್ಥ, ಆಂಟಿಯೊಬ್ಬರು ಅದನ್ನು ಕಂಡು ಪಾಪ, ಬಾತ್‌ರೂಮು ಆ ಕಡೆ ಇದೆಯಪ್ಪಾ ಅಂದಿದ್ದರು — ಗಗನಾಳ ಪೆನ್ನು ಮರೆವು ಎಂಬ ಮಾತನ್ನು ಹೊಡೆದುಹಾಕುತ್ತಿದೆ, ಕೂತ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ, ಇದು ಆ ತೊಂಬತ್ತರಲ್ಲಿ ಸೇರಿದ್ದಲ್ಲ.

ನಾಚಿಕೊಳ್ಳಬೇಡಿ ಅಜ್ಜಿ, ಪರೀಕ್ಷೆ ಮಾಡಿ ನೋಡಬೇಕು, ಐದು ಹಡದಾಕಿಗಿ ಎಲ್ಲಿ ನಾಚಿಕಿ ತಂಗಿ, ನೋಡು ನೋಡು, ಪರದೆ ಎಳೆದು, ಸಹಾಯಕ್ಕೆ ಇನ್ನೊಬ್ಬಳನ್ನು ಕರೆದು, ಅಜ್ಜಿಯನ್ನು ಮಗ್ಗುಲಿಗೆ ಮಲಗಿಸಿ, ಚುಚ್ಚಿ ನೋಡುವ ಸಣ್ಣ ಮೊನೆಯನ್ನು ತೊಡೆಯ ಒಳಬದಿಗೆ ಒತ್ತಿ, ಕೂತ ಜಾಗದಲ್ಲಿ, ಎಡಕ್ಕೆ, ಬಲಕ್ಕೆ, ಗೊತ್ತಾಯ್ತಾ ಅಜ್ಜಿ ಎಂದರೆ, ಏನ ಗೊತ್ತಾಗೂದು, ನೀ ಇನ್ನಾ ಚುಚ್ಚೇ ಇಲ್ಲಲ್ಲವ್ವಾ. ಮತ್ತೊಮ್ಮೆ ಚುಚ್ಚಿದಳು. ಯಾವಾಗ ಚುಚ್ಚತೀ? ಚುಚ್ಚಿದರೂ ಗೊತ್ತಾಗದಿರುವುದು ಏನೆಂದು ಗಗನಾಳಿಗೆ ಗೊತ್ತು, ಎರಡು ವರ್ಷದಿಂದ ಅವಳೂ ಹಾಗೇ, ಅದನ್ನು ಯಾರೂ ಪರದೆ ಎಳೆದು ಪರೀಕ್ಷಿಸಿಲ್ಲ — ಅಜ್ಜಿಯ ಬೆನ್ನುಮೂಳೆಯ ಬುಡದಲ್ಲಿ ನರದ ಗೊಂಚಲು ಒತ್ತಿಹೋಗಿದೆ, ಇವತ್ತೇ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಅಜ್ಜಿಗೆ ಮತ್ತೆಂದೂ ತಾನಾಗಿ ಒಂದಕ್ಕೆ ಹೋಗಲಾಗದು, ಕಾಲೂ ಹೋದೀತು. ಆಂಬ್ಯುಲೆನ್ಸ್ ಅನ್ನುತ್ತಿದ್ದಂತೆ ನಿಕಿತಾಳ ಕಣ್ಣು ದೊಡ್ಡದಾಗಿ, ಅಪ್ಪನ ಜೊತೆ ಮಾತಾಡಿ ಎಂದು ಫೋನು ಚಾಚಿದಳು, ಅಪ್ಪ ಶರಣು ಯಾವುದೋ ಮೀಟಿಂಗಿನಿಂದ ಎದ್ದು ಬಂದು, ಮೇಡಮ್ ತಪ್ ತಿಳೀಬ್ಯಾಡ್ರಿ, ನೀವು ಫಿಸಿಯೋ ಅದೀರಿ, ಡಾಕ್ಟರ್ ಅಲ್ಲ, ಅವ್ವನ ನಡಾ ವರ್ಷಕ್ಕೊಮ್ಮೆ ಹಿಡೀತೈತ್ರಿ, ಎಮರ್ಜೆನ್ಸಿಗೆ ಹೋದ್ರ ಸಂಜೀತನಾ ಕೂಡಸ್ತಾರ, ನೀವು ಸ್ವಲ್ಪ ತಿಕ್ಕಿ ಕಳಸ್ರಿ, ನಾಳೆ ನಮ್ಮ ಡಾಕ್ಟರಿಗೆ ತೋರಿಸೋಣಂತ. ನಾಳೆ. ನಾಳೆ ನೋಡೋಣ ನಿತಿನ್, ಡಿಸೆಂಬರು, ಸೋಂಕಿನ ಭಯಕ್ಕೆ ಆಫೀಸೆಲ್ಲ ಮುಚ್ಚಿ ಅವನು ಲಾಂಗ್ ಬೀಚಿಗೇ ಬಂದು ಇದ್ದ ವರ್ಷ, ಹಗಲೆಲ್ಲ ಅಡುಗೆಮನೆಯ ಮರದ ಕುರ್ಚಿಯ ಮೇಲೆ ಕಂಪ್ಯೂಟರು, ಬೆನ್ನು ಯಾಕೋ ಸಿಡೀತಿದೆ ಕಣೇ ಅಂದ, ಅವಳಿಗೆ ಸಂಭ್ರಮ, ಮೊದಲ ನಿಜವಾದ ರೋಗಿ, ಮಲಗಿಸಿದಳು, ಚುಕ್ಕಿ ಇಟ್ಟಳು, ಬಾಗು, ಏಳು, ಎಲ್ಲಿ ನೋವು, ಎಲ್ಲಾ ಕಡೆ, ಕುರ್ಚಿಯ ತಪ್ಪು ಇದು, ನೂರಕ್ಕೆ ತೊಂಬತ್ತು ತಾನೇ ಹೋಗುತ್ತೆ, ಬಿಸಿನೀರು ಹಾಕ್ಕೋ, ಮೈ ಬಿಸಿ ಇದ್ದದ್ದು ಅವಳ ಅಂಗೈಗೆ ಗೊತ್ತಾಗಿತ್ತು, ಬಿಸಿನೀರಿನದು ಅಂದುಕೊಂಡಳು, ಮೂರನೆಯ ದಿನ ಕೆಮ್ಮು, ಐದನೆಯ ದಿನ ತುಟಿ ನೀಲಿ, ಆಮೇಲೆ ಆಸ್ಪತ್ರೆ, ಒಳಗೆ ಬಿಡುವುದಿಲ್ಲ, ಫೋನಿನ ತೆರೆಯಲ್ಲಿ ಅವನ ಬೆನ್ನು. ಮೂರು ದಿನ ಮೊದಲು ಬಂದಿದ್ದರೂ ಇಷ್ಟೇ ಇತ್ತು, ಬದುಕಿಸಲಾಗುತ್ತಿರಲಿಲ್ಲ ಎಂದರು ಡಾಕ್ಟರು, ಒಳ್ಳೆಯವರು, ಯಾರಿಗೆ ಗೊತ್ತು. ನಾಳೆ ಬೇಡ ಶರಣು ಅವರೇ, ಅವಳ ದನಿ ಅವಳಿಗೇ ಯಾರದೋ ಅನಿಸಿತು, ನಿಮ್ಮ ಅವ್ವನ ಮೈಗೆ ನಾನು ಹನ್ನೊಂದು ಸಲ ಚುಚ್ಚಿದೆ, ಒಂದೂ ಅವರಿಗೆ ಗೊತ್ತಾಗಲಿಲ್ಲ, ನಾನು ಆಂಬ್ಯುಲೆನ್ಸಿಗೆ ಫೋನ್ ಮಾಡ್ತಿದ್ದೀನಿ, ಬೇಡ ಅಂತಿದ್ದರೆ ಈಗಲೇ, ಅವರಿಗೇ ಹೇಳಿ, ಫೋನನ್ನು ಅಜ್ಜಿಯ ಕಿವಿಗೆ ಹಿಡಿದಳು, ಆ ಕಡೆಯಿಂದ, ಯವ್ವಾ, ಅವರ ಹೇಳಿದಂಗ ಕೇಳು, ನಾ ಬಂದೆ.

ಅಜ್ಜಿ ಹೋಗುವಾಗ ಆಂಬ್ಯುಲೆನ್ಸಿನವನಿಗೆ, ಹಗೂರಕ್ಕ ಎತ್ತೋ ತಮ್ಮಾ, ನಿನ್ನ ನಡಾ ಹಿಡಿದೀತು ಅಂದಳು, ಅವನು ಥ್ಯಾಂಕ್ಯೂ ಅಂದ. ಆಮೇಲೆ ನಾಲ್ಕನೆಯ ಸೊಂಟ, ಐದನೆಯದು, ಓಡಾಡ್ತಿರಿ ಎಂದು ಹೇಳುವ ಮುನ್ನ ಇಬ್ಬರಿಗೂ ಒಂದಕ್ಕೆ ಸರಿಯಾಗಿ ಹೋಗುತ್ತಿದೆಯಾ ಅಂತ ಎರಡೆರಡು ಸಲ ಕೇಳಿದಳು, ಎರಡೂವರೆಗೆ ಆಸ್ಪತ್ರೆಯಿಂದ ಫೋನು, ನರ್ಸು, ದನಿ ಅವಸರದ್ದು, ಮೂತ್ರಕ್ಕೆ ನಳಿಕೆ ಹಾಕಿದೆವು, ಒಂದು ಲೀಟರಿನ ಮೇಲೆ ಬಂತು, ಸ್ಕ್ಯಾನಿನಲ್ಲಿ ನೀವು ಹೇಳಿದ್ದೇ, ಈಗ ಆಪರೇಷನ್ನಿಗೆ ಒಯ್ದರು, ಹೊತ್ತು ಮೀರಿಲ್ಲ ಅಂತಾರೆ ಸರ್ಜನ್, ಫೈಲಿಗೆ ಒಂದು ವಿವರ ಬೇಕಿತ್ತು, ಇವರನ್ನು ಮೊದಲು ನೋಡಿದ ಡಾಕ್ಟರ್ ಯಾರು? ಡಾಕ್ಟರ್ ಯಾರೂ ನೋಡಿಲ್ಲ, ಮೊದಲು ನೋಡಿದ್ದು ನಾನೇ. ಹೆಸರು? ಗಗನಾ ಎಂದು ಅಕ್ಷರ ಬಿಡಿಸಿ ಹೇಳುತ್ತಿದ್ದಾಳೆ, ಎರಡು ವರ್ಷದ ಹಿಂದಿನ ಆ ಜನವರಿಯ ಮಧ್ಯಾಹ್ನವೂ ಇಂಥದೇ ಅವಸರದ ದನಿ, ಉಸಿರು ಸಲೀಸಾಗಲಿ ಅಂತ ಬೋರಲು ಮಲಗಿಸಿದ್ದೇವೆ ಮೇಡಮ್, ಮುಖ ಕಾಣಿಸೋದಿಲ್ಲ, ಸಾರಿ, ಮಾತಾಡಿ, ಕೇಳಿಸುತ್ತಿರಬಹುದು, ತೆರೆಯ ಮೇಲೆ ನಿತಿನನ ಬೆನ್ನು, ಕತ್ತಿನಿಂದ ಎಣಿಸುತ್ತಾ ಬಂದಳು, ಒಂದೊಂದೇ ಗೆಣ್ಣು, ಸೊಂಟಕ್ಕೆ ಇನ್ನೂ ಮೇಲೆಯೇ ಬಿಳಿಯ ಹೊದಿಕೆಯ ಅಂಚು, ಕಚಗುಳಿಯ ಜಾಗ ಅದರಡಿ, ಅದನ್ನು ಸ್ವಲ್ಪ ಕೆಳಗೆ ಸರಿಸ್ತೀರಾ ಅಂತ ಕೇಳಬಹುದಿತ್ತು, ಕೇಳಲಿಲ್ಲ, ಬೆನ್ನು, ಹೊದಿಕೆಯ ಅಂಚು, ಬೆನ್ನು —